ಕಣ್ಣೆದುರಿಗೇ ಮುರಿಯಿರಿ

ನಾವು ಕಟ್ಟಿದ ಬೀಡಿ ಒಪ್ಪಿಸುವ ಬ್ರಾಂಚಿನ ಚೆಕ್ಕರ್ ಬೀಡಿಯನ್ನು ನೋಡುವುದಿಲ್ಲ, ನಮ್ಮ ಮುಖ ನೋಡುತ್ತಾನೆ. ಯಾರು ತಿರುಗಿ ಮಾತಾಡುವುದಿಲ್ಲವೋ ಅವರ ಕಟ್ಟಿನಿಂದ ಒಂದು ಹಿಡಿ ಎಳೆದು ಪಕ್ಕದ ಬುಟ್ಟಿಗೆ ಹಾಕಿ 'ಚಾಟ್' ಅನ್ನುತ್ತಾನೆ. ಚಾಟ್ ಅಂದರೆ ಕೆಟ್ಟ ಬೀಡಿ, ಅದಕ್ಕೆ ಕೂಲಿ ಇಲ್ಲ. ಕೆಟ್ಟದ್ದಾದರೆ ಬಿಸಾಡಬೇಕಲ್ಲ? ಬಿಸಾಡುವುದಿಲ್ಲ. ನಾವು ಅತ್ತ ಹೋದ ಮೇಲೆ ಆ ಬುಟ್ಟಿಯ ಬೀಡಿ ಮತ್ತೆ ಕಟ್ಟಾಗಿ, ಲೇಬಲ್ ಅಂಟಿಸಿಕೊಂಡು, ಒಳ್ಳೆಯ ಬೀಡಿಯ ಜೊತೆಗೇ ಲಾರಿ ಹತ್ತುತ್ತದೆ. ನಮ್ಮ ಊರು ನರಿಕೊಂಬಿನಲ್ಲಿ ಇದು ಗೊತ್ತಿಲ್ಲದವರು ಯಾರೂ ಇಲ್ಲ.

ನಾನು ಮೋಹಿನಿ. ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ಜೈನಬಮ್ಮನ ಜಗಲಿಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದೇನೆ. ಅಲ್ಲಿ ಬೆಳಕು ಚೆನ್ನಾಗಿ ಬೀಳುತ್ತದೆ. ಹಾಗಾಗಿ ಆಸುಪಾಸಿನ ಹೆಂಗಸರೆಲ್ಲ, ಹಿಂದೂ ಮುಸ್ಲಿಂ ಅನ್ನದೆ, ತಡ್ಪೆ ಅಂದರೆ ಬೀಡಿ ಕಟ್ಟುವ ಮೊರ ಹಿಡಿದುಕೊಂಡು ಅಲ್ಲಿಗೇ ಬರುತ್ತೇವೆ. ಮಡಿಲಲ್ಲಿ ತಡ್ಪೆ, ತಡ್ಪೆಯಲ್ಲಿ ಎಲೆ, ಹೊಗೆಸೊಪ್ಪು, ನೂಲು. ಬೆಳಿಗ್ಗೆ ಬಗ್ಗಿದ ಬೆನ್ನು ನೆಟ್ಟಗಾಗುವುದು ಸಂಜೆಗೇ. ಜೈನಬಮ್ಮನಿಗೆ ಅರವತ್ತು ದಾಟಿದೆ, ಕೆಮ್ಮು ಹಿಡಿದಿದೆ. ಅವರು ಕಟ್ಟಿದ ಬೀಡಿಗೆ ಮಾತ್ರ ಏನೂ ಆಗಿಲ್ಲ. ಆದರೆ ಕೆಮ್ಮುವವರು ಜಗಳ ಮಾಡುವುದಿಲ್ಲ ಎಂದು ಚೆಕ್ಕರನಿಗೆ ಗೊತ್ತು. ಈ ವರ್ಷ ಅವರ ಕಟ್ಟಿನಿಂದಲೇ ಹೆಚ್ಚು ಎಳೆದ. ಕೊನೆಗೆ, ಚಾಟ್ ಹೀಗೇ ಬಂದರೆ ಬ್ರಾಂಚಿನಿಂದ ಎಲೆ ಕೊಡುವುದನ್ನೇ ನಿಲ್ಲಿಸುತ್ತೇನೆ ಎಂದೂ ಹೇಳಿದ. ಎಲೆ ನಿಂತರೆ ಜೈನಬಮ್ಮನ ಒಲೆ ನಿಲ್ಲುತ್ತದೆ.

ನಮ್ಮ ಬೇಡಿಕೆ ಒಂದೇ ಇತ್ತು. ಚಾಟ್ ಅಂದ ಬೀಡಿಯನ್ನು ನಮ್ಮ ಕಣ್ಣೆದುರಿಗೇ ಮುರಿಯಬೇಕು. ಮುರಿದ ಬೀಡಿಯನ್ನು ಮಾರಲಿಕ್ಕೆ ಆಗುವುದಿಲ್ಲ. ಮಾರಲಿಕ್ಕೆ ಆಗದಿದ್ದರೆ ಒಳ್ಳೆಯ ಬೀಡಿಯನ್ನು ಬ್ರಾಂಚ್ ನಡೆಸುವ ಯಾವ ಕಂಟ್ರಾಕ್ಟರ್ ಎಳೆಸುತ್ತಾನೆ? ಕೆಂಬಾವುಟದ ಯೂನಿಯನ್ನಿನ ಕಾರ್ಯದರ್ಶಿ ಅಬ್ದುಲ್ ನಾಸಿರ್ ಇದೇ ಜಗಲಿಯಲ್ಲಿ ಕೂತು ಎಲ್ಲ ಕೇಳಿದ್ದರು. ಬ್ರಾಂಚಿನ ಎದುರು ಧರಣಿ ಕೂರುವ ಎಂದು ಮಾತು ಕೊಟ್ಟಿದ್ದರು. ನಾವು ಬಾವುಟ ಹೊಲಿದು ಇಟ್ಟೆವು.

ಅಷ್ಟರಲ್ಲಿ ಎಲೆಕ್ಷನ್ ಬಂತು. ಯೂನಿಯನ್ನಿನ ಪಕ್ಷಕ್ಕೆ ಬುದ್ಧಿವಂತರು ಬಂದರು. ಬಿ.ಸಿ.ರೋಡಿನ ಯೂನಿಯನ್ ಹಾಲ್ ನಮ್ಮಂಥವರೇ ಕಲ್ಲು ಮಣ್ಣು ಹೊತ್ತು ಕಟ್ಟಿದ್ದು. ಅದಕ್ಕೆ ಏಸಿ ಹಾಕಿಸಿ, ಕಂಪ್ಯೂಟರ್ ಇಟ್ಟು, ಬಾಗಿಲಿಗೆ 'ತಂತ್ರ ವಿಭಾಗ' ಎಂದು ಬೋರ್ಡು ಹೊಡೆದರು. ಹೊಗೆಸೊಪ್ಪಿನ ಧೂಳು ಯಂತ್ರಕ್ಕೆ ಆಗುವುದಿಲ್ಲವಂತೆ, ತಡ್ಪೆ ಹಿಡಿದು ಒಳಗೆ ಬರಬಾರದಂತೆ.

ಒಂದು ಮಧ್ಯಾಹ್ನ ಜಗಲಿಯಲ್ಲಿದ್ದವರ ಫೋನಿಗೆಲ್ಲ ಒಬ್ಬೊಬ್ಬರಾಗಿ ಕರೆ ಬಂತು. ಪುಸ್ತಕದ ಕನ್ನಡದಲ್ಲಿ ಒಬ್ಬಳು ಹುಡುಗಿ, ನಿಮ್ಮ ಜೀವನದ ಅತಿ ದೊಡ್ಡ ಸಮಸ್ಯೆ ಯಾವುದು ಎಂದು ಕೇಳಿದಳು. ಯಾರ ಕಡೆಯವಳು ಎಂದು ಹೇಳಲಿಲ್ಲ. ಹೇಳಿದರೆ ಉತ್ತರ ಕೆಡುತ್ತದಂತೆ, ಅದನ್ನು ನಮಗೆ ತಂತ್ರ ವಿಭಾಗದವರೇ ಆಮೇಲೆ ತಿಳಿಸಿದರು. ಈಗ ನೀವೇ ಹೇಳಿ. ನಮ್ಮ ಕಡೆ ಗುರುತಿಲ್ಲದವರು ಸುಖದುಃಖ ವಿಚಾರಿಸಿದರೆ ಯಾರಾದರೂ ಮನೆಯ ಸಂಕಟ ಬಿಚ್ಚುತ್ತಾರೆಯೇ? ಮನೆಯ ಮಾಡಿಗೆ ಬೆಂಕಿ ಬಿದ್ದಿದ್ದರೂ 'ಒಳ್ಳೆದುಂಟು' ಅನ್ನುತ್ತೇವೆ. ನಮ್ಮ ತಾಯಂದಿರು ಕಲಿಸಿದ್ದೇ ಹಾಗೆ. ಜೈನಬಮ್ಮ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಬೆರಳಲ್ಲಿ ನೂಲು ಸುತ್ತುತ್ತಲೇ ಹೇಳಿದರು.

"ಅಲ್ಲಾಹನ ದಯೆ, ನಮಗೆ ಎಂತ ತೊಂದರೆಯೂ ಇಲ್ಲ ಮಗಾ. ನಿನ್ನದು ಊಟ ಆಯ್ತಾ?"

ನಾವೆಲ್ಲ ಹಾಗೆಯೇ ಹೇಳಿದೆವು. ಆ ಹುಡುಗಿಯ ಸ್ವರ ಬಳಲಿದ ಹಾಗಿತ್ತು, ಪಾಪ ಎನಿಸಿತು.

ಮುಂದಿನ ವಾರ ನಾಸಿರ್ ನಮ್ಮನ್ನು ಯೂನಿಯನ್ ಹಾಲಿಗೆ ಕರೆಸಿದರು. ಧರಣಿಯ ದಿನ ಗೊತ್ತುಮಾಡಲಿಕ್ಕೆ ಎಂದುಕೊಂಡು ಹೋದೆವು. ತಂತ್ರ ವಿಭಾಗದ ಯಜಮಾನ ಸೃಜನ್ ಎಂಬ ಹುಡುಗ. ಕೆಟ್ಟವನಲ್ಲ. ಕುರ್ಚಿ ಹಾಕಿಸಿದ, ಚಹಾ ತರಿಸಿದ, ಎಲ್ಲರನ್ನೂ ಅಕ್ಕ ಅಂದ. ಆಮೇಲೆ ಗೋಡೆಯ ಮೇಲೆ ಚಿತ್ರ ಬಿಟ್ಟ. ಅದರಲ್ಲಿ ಚಕ್ರದ ಹಾಗೆ ಬಣ್ಣಬಣ್ಣದ ಉರುಟುಗಳು. ಬೀಡಿ ಹೆಂಗಸರಲ್ಲಿ ಹೆಚ್ಚಿನವರಿಗೆ ಸಮಸ್ಯೆಯೇ ಇಲ್ಲ, ಚಾಟ್ ಎಂಬ ವಿಷಯ ತಳದಲ್ಲಿದೆ, ಅದಕ್ಕಾಗಿ ಧರಣಿ ಕೂತರೆ ಕಂಟ್ರಾಕ್ಟರುಗಳ ಕಡೆಯ ಮತ ಸುಮ್ಮನೆ ಹೋಗುತ್ತದೆ ಎಂದು ವಿವರಿಸಿದ. ಜಾತಿ ಧರ್ಮ ನೋಡಿ ಮತ ಹಂಚಿದ ಇನ್ನೊಂದು ಚಿತ್ರದಲ್ಲಿ ನಾನು ಒಂದು ಬಣ್ಣದ ಉರುಟಿನಲ್ಲಿದ್ದೆ, ಜೈನಬಮ್ಮ ಇನ್ನೊಂದರಲ್ಲಿ. ಇಷ್ಟು ವರ್ಷ ಒಂದೇ ಚಾಪೆಯಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತವರು ನಾವು. ನಮ್ಮನ್ನು ಬೇರೆ ಮಾಡಲಿಕ್ಕೆ ಊರಲ್ಲಿ ಬೇರೆ ಪಕ್ಷಗಳಿದ್ದವು. ಕೆಂಬಾವುಟವೂ ಅದನ್ನೇ ಮಾಡಿತಲ್ಲ ಎಂದು ನನಗೆ ಮೈ ಉರಿಯಿತು.

ನಾನು ಎದ್ದು ನಿಂತೆ. ಫೋನಿನಲ್ಲಿ ಹೇಳಿದ್ದು ಮರ್ಯಾದೆಗೆ, ಈಗ ಹೇಳುವುದು ಸತ್ಯ, ಜೈನಬಮ್ಮನ ಎಲೆ ನಿಲ್ಲುವುದರಲ್ಲಿದೆ ಎಂದೆ. ಎಲ್ಲರೂ ಹೌದು ಹೌದು ಅಂದರು. ಸೃಜನ್ ಪೂರ್ತಿ ಕೇಳಿದ. ತಾಳ್ಮೆಯಿಂದಲೇ ಕೇಳಿದ.

"ನೀವು ಹೇಳುವುದು ಅನಿಸಿಕೆ ಅಕ್ಕ. ಇದು ಡೇಟಾ," ಎಂದ.

ನಾಸಿರ್ ನೆಲ ನೋಡುತ್ತಿದ್ದರು. ಇದೇ ಮನುಷ್ಯ ಹಿಂದೆ ನಮಗಾಗಿ ಪೊಲೀಸರ ಲಾಠಿ ತಿಂದವರು. ಎಲೆಕ್ಷನ್ ಒಂದು ಮುಗಿಯಲಿ ಎಂದು ಗೊಣಗಿದರು. ಮೇಲಿನವರ ತೀರ್ಮಾನವಂತೆ.

ಪಕ್ಷದ ಅಭ್ಯರ್ಥಿ ಶೇಷಪ್ಪ. ಬೆಳುವಾಯಿಯ ಬೀಡಿ ಹೆಂಗಸಿನ ಮಗ. ಅದು ಸುಳ್ಳಲ್ಲ, ಅವರ ತಾಯಿಯನ್ನು ನಮ್ಮಲ್ಲಿ ಕೆಲವರು ಕಂಡಿದ್ದಾರೆ. ಬಿ.ಸಿ.ರೋಡಿನ ಸಭೆಯಲ್ಲಿ ಶೇಷಪ್ಪ ಕಣ್ಣೀರು ಹಾಕಿದರು. ನಾನು ಪಕ್ಷದ ಮನುಷ್ಯ ಅಲ್ಲ, ನಿಮ್ಮ ಮನೆಯ ಮಗ ಅಂದರು. ಏಸಿ ಕೋಣೆಯ ಪಂಡಿತರ ಮಾತು ನನಗೆ ಬೇಡ, ನನ್ನ ಜನ ಹೇಳಿದ್ದೇ ನನಗೆ ಸಾಕು ಅಂದರು. ಚಪ್ಪಾಳೆಯೋ ಚಪ್ಪಾಳೆ. ವೇದಿಕೆಯ ಪಕ್ಕದಲ್ಲಿ ಸೃಜನ್ ಆ ಮಾತನ್ನೆಲ್ಲ ಮೊದಲೇ ಬರೆದಿಟ್ಟ ಲ್ಯಾಪ್‌ಟಾಪ್ ಹಿಡಿದು ತುಟಿ ಅಲ್ಲಾಡಿಸುತ್ತಿದ್ದ. ದೊಡ್ಡವರ ಸೊಕ್ಕು ಮುರಿಯುತ್ತೇನೆ ಎಂದು ಶೇಷಪ್ಪ ಗುಡುಗಿದರು. ಯಾವ ದೊಡ್ಡವರು ಎಂದು ಹೇಳಲಿಲ್ಲ. ಮುಂದಿನ ಸಾಲಿನಲ್ಲಿ ನಮ್ಮ ಬ್ರಾಂಚಿನ ಕಂಟ್ರಾಕ್ಟರ್ ಕೂತಿದ್ದರು, ಅವರೂ ಚಪ್ಪಾಳೆ ತಟ್ಟಿದರು. ಸೃಜನ್ ಲೆಕ್ಕ ಹಾಕಿ ನಮ್ಮ ಬಾಯಿ ಮುಚ್ಚಿಸಿದ, ಶೇಷಪ್ಪ ನಮ್ಮ ಹೆಸರು ಹೇಳಿ ತಾವೇ ಬಾಯಿ ತೆರೆದರು. ಇಬ್ಬರೂ ಸೇರಿ ಮಾಡಿದ ಆ ಭಾಷಣದಲ್ಲಿ ಚಾಟ್ ಎಂಬ ಶಬ್ದವೇ ಇರಲಿಲ್ಲ. ನನಗೆ ಅಲ್ಲಿಯೇ ಕಿರುಚಬೇಕೆನಿಸಿತ್ತು.

ಸಭೆಯ ಮರುದಿನ ಚೆಕ್ಕರ್ ಜೈನಬಮ್ಮನಿಗೆ ಕೊನೆಯ ಮಾತು ಹೇಳಿ ಕಳಿಸಿದ. ನಾಳೆಯೂ ಚಾಟ್ ಬಂದರೆ ಎಲೆ ಇಲ್ಲ. ಅದೇ ನಾಳೆಗೆ ಶೇಷಪ್ಪ ನಮ್ಮ ಜಗಲಿಗೆ ಬರುತ್ತಾರೆ, ನಮ್ಮ ಜೊತೆ ಕೂತು ಬೀಡಿ ಕಟ್ಟುತ್ತಾರೆ, ಅದರ ವಿಡಿಯೋ ಆಗುತ್ತದೆ ಎಂದು ತಂತ್ರ ವಿಭಾಗದಿಂದ ಫೋನ್ ಬಂತು. ಎಲ್ಲರೂ ಹಳೆಯ ಸೀರೆಯಲ್ಲೇ ಇರಬೇಕಂತೆ. ಹೊಸ ಸೀರೆ ಯಾರ ಹತ್ತಿರ ಉಂಟು ಮಾರಾಯ್ರೆ ಎಂದು ನಾನು ಫೋನ್ ಇಟ್ಟೆ.

ಶೇಷಪ್ಪ ಬಂದರು. ಚಾಪೆಯ ಮೇಲೆ ಪದ್ಮಾಸನ ಹಾಕಿ ಕೂತರು. ಸೃಜನ್ ಕ್ಯಾಮರಾದವನಿಗೆ ಬೆಳಕಿನ ಕಡೆ ತೋರಿಸಿದ. ನಾಸಿರ್ ಮೆಟ್ಟಿಲ ಕೆಳಗೇ ನಿಂತರು. ಜೈನಬಮ್ಮ ತಮ್ಮ ತಡ್ಪೆ ಕೊಟ್ಟರು. ಶೇಷಪ್ಪ ಎಲೆ ಕತ್ತರಿಸಿದರು, ಹೊಗೆಸೊಪ್ಪು ತುಂಬಿಸಿ ಸುರುಳಿ ಸುತ್ತಿದರು, ಬೀಡಿಯ ಬಾಯಿ ಮಡಚಿದರು, ನೂಲು ಬಿಗಿದರು. ನಿಜ ಹೇಳುತ್ತೇನೆ, ಬೀಡಿ ಚೆನ್ನಾಗಿತ್ತು. ತಾಯಿಯ ಕೈ ಮಗನ ಕೈಯಲ್ಲಿ ಇನ್ನೂ ಇತ್ತು. ಅದನ್ನು ಕ್ಯಾಮರಾಕ್ಕೆ ತೋರಿಸಿ, ಆಮೇಲೆ ಜೈನಬಮ್ಮನಿಗೆ ನೀಡಿ, ಹೇಗುಂಟು ನನ್ನ ಬೀಡಿ ಎಂದು ನಗುತ್ತ ಕೇಳಿದರು.

ಜೈನಬಮ್ಮ ಬೀಡಿಯನ್ನು ನೋಡಲಿಲ್ಲ. ಅವರ ಮುಖ ನೋಡಿದರು, ಚೆಕ್ಕರ್ ನೋಡುವ ಹಾಗೆ.

"ಚಾಟ್," ಅಂದರು. ಅಂದವರೇ ಬೀಡಿಯನ್ನು ಎರಡು ತುಂಡು ಮಾಡಿ ಚಾಪೆಯ ಮೇಲೆ ಹಾಕಿದರು.

ಶೇಷಪ್ಪನ ನಗು ಮುಖದಲ್ಲಿ ಅಂಟಿಕೊಂಡೇ ಇತ್ತು. "ಯಾಕೆ ಜೈನಬಮ್ಮ, ಸರಿ ಉಂಟಲ್ಲ?"

"ನಮ್ಮದೂ ಸರಿಯೇ ಇತ್ತು ಮಗಾ," ಅಂದರು ಜೈನಬಮ್ಮ. "ನಿನ್ನದನ್ನು ನಿನ್ನ ಕಣ್ಣೆದುರಿಗೇ ಮುರಿದೆ. ನಮಗೆ ಅಷ್ಟು ಮರ್ಯಾದೆಯೂ ಇಲ್ಲ."

ಸೃಜನ್ ಕ್ಯಾಮರಾಕ್ಕೆ ಕೈ ಅಡ್ಡ ಹಿಡಿದ. ಇದನ್ನು ವಿಡಿಯೋದಿಂದ ತೆಗೆಯುವ, ಇನ್ನೊಂದು ಸಲ ಮಾಡುವ ಎಂದ. ನಾವೆಲ್ಲ ಎದ್ದೆವು. ನಾವು ನಮ್ಮ ನಮ್ಮ ಬೀಡಿ ಕಟ್ಟುಗಳನ್ನು ಬುಟ್ಟಿಗೆ ತುಂಬಿದೆವು. ನಾನು ಒಳಗಿನಿಂದ ಬಾವುಟ ತಂದೆ. ಅದು ಪಕ್ಷದ್ದು, ಈಗ ಬೇಡ ಎಂದು ನಾಸಿರ್ ಮೆಟ್ಟಿಲ ಹತ್ತಿರ ಕೈ ಚಾಚಿದರು. ಹೊಲಿದದ್ದು ನಾವು ಎಂದೆ. ಅವರು ಕೈ ಕೆಳಗಿಳಿಸಿದರು. ನಮ್ಮ ಜೊತೆ ಬರಲಿಲ್ಲ, ತಡೆಯಲೂ ಇಲ್ಲ.

ಬ್ರಾಂಚಿನಲ್ಲಿ ಮೊದಲು ಜೈನಬಮ್ಮ ಹೋದರು. ಚೆಕ್ಕರ್ ಎಂದಿನ ಹಾಗೆ ಒಂದು ಹಿಡಿ ಎಳೆದ, ಎಂದಿನ ಹಾಗೆ ಚಾಟ್ ಅಂದ. ಅವನ ಕೈ ಬುಟ್ಟಿಗೆ ಹೋಗುವ ಮೊದಲೇ ನಾನು ಹೇಳಿದೆ.

"ಮುರಿ."

ಹಿಂದಿನಿಂದ ಎಲ್ಲರೂ ಅದನ್ನೇ ಹೇಳಿದರು. ಯಾರೂ ತಮ್ಮ ಕಟ್ಟನ್ನು ಮೇಜಿನ ಮೇಲೆ ಇಡಲಿಲ್ಲ. ಲಾರಿ ಬಂದು ಅಂಗಳದಲ್ಲಿ ನಿಂತಿತ್ತು. ಒಳಗಿನಿಂದ ಕಂಟ್ರಾಕ್ಟರ್ ಪಕ್ಷದ ಯಾರಿಗೋ ಫೋನ್ ಮಾಡಿ, ನಿಮ್ಮ ಜನವಾ ಇವರು ಎಂದು ಕೇಳುತ್ತಿದ್ದರು. ಆ ಕಡೆಯವರು ಅಲ್ಲ ಅಂದಿರಬೇಕು, ಮತ್ತೆ ಯಾರು ಎಂದು ಅವರು ಜೋರಾಗಿ ಕೇಳಿದರು.

ಚೆಕ್ಕರನ ಹಿಡಿಯಲ್ಲಿ ಜೈನಬಮ್ಮನ ಬೀಡಿ ಹಾಗೆಯೇ ಇತ್ತು. ಮುರಿದರೆ ಯಜಮಾನನ ನಷ್ಟ, ಮುರಿಯದಿದ್ದರೆ ಲಾರಿ ಖಾಲಿ. ಅವನು ಒಬ್ಬೊಬ್ಬರ ಮುಖವನ್ನೂ ನೋಡುತ್ತ ಬಂದ. ಜಗಳ ಮಾಡದ ಮುಖ ಅಲ್ಲಿ ಒಂದೂ ಸಿಗಲಿಲ್ಲ. ಕೊನೆಗೆ ಅವನು ತಲೆ ತಗ್ಗಿಸಿ, ಇಷ್ಟು ವರ್ಷಗಳಲ್ಲಿ ಮೊದಲ ಸಲ, ಬೀಡಿಯನ್ನು ನೋಡಿದ.