ಅತ್ತೆಯ ಎದೆನೋವು

ನಮ್ಮತ್ತೆಗೆ ಎದೆನೋವು ಬರುತ್ತಿದ್ದದ್ದು ನನಗೆ ಕ್ಲಾಸಿರುವ ದಿನ ಮಾತ್ರ. ಗಡದ್ದಾಗಿ ಉಂಡು, ಮಧ್ಯಾಹ್ನ ಗೊರಕೆ ಹೊಡೆದು, ಸಂಜೆ ನಾನು ಚಪ್ಪಲಿ ಮೆಟ್ಟುವ ಹೊತ್ತಿಗೆ ಸರಿಯಾಗಿ ಎದೆ ಹಿಡಿದುಕೊಂಡು ಮಂಚಕ್ಕೆ ಒರಗುತ್ತಿದ್ದರು.

"ಹೋಗಮ್ಮ, ಹೋಗು. ನೀನು ಬರೋ ಹೊತ್ತಿಗೆ ನನ್ನ ಹೆಣ ಎತ್ತಿರ್ತಾರೆ."

ಅದು ನರ್ಸಿಂಗ್ ಕ್ಲಾಸು. ನಮ್ಮ ದೇಶದಲ್ಲಿ ನಾನದನ್ನು ಓದಿ ಮುಗಿಸಿದವಳೇ. ಯುದ್ಧಕ್ಕೆ ಹೆದರಿ ಗಡಿ ದಾಟಿ ಬಂದೆವಲ್ಲ, ಆ ದಾರಿಯಲ್ಲಿ ಚಳಿ ಕಾಯಿಸಿಕೊಳ್ಳಲು ನಮ್ಮತ್ತೆ ನನ್ನ ಸರ್ಟಿಫಿಕೇಟುಗಳನ್ನು ಬೆಂಕಿಗೆ ಹಾಕಿದರು. ಮಗನ ಫೋಟೋ ಆಲ್ಬಮ್ಮು ಬಗಲಲ್ಲೇ ಇತ್ತು, ಅದು ಉರಿಯುವುದಿಲ್ಲವೇನೋ! "ಮನೇಲಿರೋ ಸೊಸೆಗ್ಯಾಕೆ ಕಾಗದ?" ಎಂದಿದ್ದರು. ಮನೆಯಲ್ಲೆಲ್ಲಿದ್ದೇನೆ ನಾನು? ಕೋಳಿ ಮಾಂಸದ ಕಾರ್ಖಾನೆಯ ಚಳಿ ಕೊರೆಯುವ ಕೋಣೆಯಲ್ಲಿ ದಿನವಿಡೀ ನಿಂತು ರೆಕ್ಕೆ ಕತ್ತರಿಸುತ್ತೇನೆ. ಸಂಜೆಗೆ ಬೆರಳು ಮಡಚಲು ಬರುವುದಿಲ್ಲ. ಆ ಬೆಂಕಿಯನ್ನು ನಾನು ಮರೆತಿಲ್ಲ, ಮರೆಯುವ ಇರಾದೆಯೂ ಇಲ್ಲ.

ಕ್ಲಾಸಿನ ಮೇಡಂ ಕೊನೆಗೆ ಹೇಳಿಯೇಬಿಟ್ಟರು, ಇನ್ನೊಂದು ಸಲ ತಪ್ಪಿಸಿದರೆ ನನ್ನ ಸೀಟು ಬೇರೆಯವರಿಗೆ ಎಂದು. ಮರುದಿನವೇ ಅತ್ತೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಇಲ್ಲಿನ ಭಾಷೆ ನಮ್ಮ ಮನೆಯಲ್ಲಿ ಬರುವುದು ನನಗೊಬ್ಬಳಿಗೇ. ಡಾಕ್ಟರಮ್ಮ ಎದೆಗೆ ವೈರು ಅಂಟಿಸಿ ನೋಡಿ, "ಏನೂ ಇಲ್ಲ, ಬರೀ ಗ್ಯಾಸು" ಎಂದರು. ನಾನು ಮುಖ ಸಪ್ಪೆ ಮಾಡಿಕೊಂಡು ಅತ್ತೆಯ ಕಡೆ ತಿರುಗಿದೆ.

"ಹೃದಯ ತುಂಬಾ ಸೋತಿದೆಯಂತೆ. ಇನ್ಮೇಲೆ ಕೂಗಾಡಬಾರದಂತೆ, ಯಾರನ್ನೂ ಬೈಯಬಾರದಂತೆ. ಬೈದ್ರೆ ಅಲ್ಲೇ ನಿಂತುಹೋಗುತ್ತಂತೆ."

ಅಬ್ಬಾ, ಆಮೇಲಿನ ಆ ಮೌನ! ಸಿಟ್ಟು ನೆತ್ತಿಗೇರಿದರೂ ಗೋಡೆ ಕಡೆ ತಿರುಗಿ ಕೂತುಬಿಡುತ್ತಿದ್ದರು. ನಾನು ತಲೆ ಬಾಚಿಕೊಂಡು, ಹಾಡು ಗುನುಗುತ್ತಾ ಕ್ಲಾಸಿಗೆ ಹೋದೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತ ಸುಮ್ಮನೆ ಹೇಳಿದ್ದಾರೆಯೇ? ನನ್ನ ಹೊಟ್ಟೆ ತಣ್ಣಗಾಗಿತ್ತು.

ಆದರೆ ಸಾಯುವವರಿಗೆ ಕೊನೆ ಆಸೆ ಅಂತೊಂದು ಇರುತ್ತದೆ, ಅದು ನನಗೆ ಹೊಳೆದಿರಲಿಲ್ಲ. ಒಂದು ಭಾನುವಾರ ಮಗನ ಕೈ ಹಿಡಿದು ಮೆಲ್ಲಗೆ ಹೇಳಿದರು.

"ಕಣ್ಣು ಮುಚ್ಚೋಕೆ ಮುಂಚೆ ಒಂದು ಮೊಮ್ಮಗು ನೋಡ್ಬೇಕಪ್ಪ."

ಗೋದಾಮಿನಲ್ಲಿ ಮೂಟೆ ಹೊರುವ ನನ್ನ ಗಂಡ ಅಮ್ಮನ ಮುಂದೆ ಮಾತ್ರ ಬೆಣ್ಣೆ. "ಕ್ಲಾಸು ಎಲ್ಲಿಗೂ ಓಡಿಹೋಗಲ್ಲ ಕಣೇ. ಅಮ್ಮ ಇರಲ್ಲ" ಎಂದ. ನಾನು ತೋಡಿದ ಗುಂಡಿಗೆ ನಾನೇ ಬಿದ್ದಿದ್ದೆ. ನಿಜ ಹೇಳಿದರೆ ಬೈಗುಳವೂ ಎದೆನೋವೂ ವಾಪಸ್ಸು, ಹೇಳದಿದ್ದರೆ ಓದಿಗೆ ಎಳ್ಳುನೀರು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

"ಇನ್ನೊಂದ್ಸಲ ಡಾಕ್ಟರಿಗೆ ತೋರಿಸೋಣ" ಎಂದೆ.

ಈ ಸಲ ಗಂಡನೂ ಬಂದ. ಡಾಕ್ಟರಮ್ಮ ಪರೀಕ್ಷೆ ಮಾಡಿ, "ಗಟ್ಟಿಮುಟ್ಟಾಗಿದ್ದಾರೆ. ಸ್ವಲ್ಪ ಓಡಾಡಲಿ" ಎಂದಷ್ಟೇ ಹೇಳಿದರು.

"ಹೃದಯ ಸರಿಹೋಗಿದೆಯಂತೆ ಅತ್ತೆ. ನೂರು ವರ್ಷ ಬದುಕ್ತೀರಂತೆ."

ಅತ್ತೆ ನನ್ನ ಕೈಯನ್ನು ಕಣ್ಣಿಗೊತ್ತಿಕೊಂಡು ಗಳಗಳನೆ ಅತ್ತರು. ಬೆಳಗಾದರೆ ಏಳುತ್ತೇನೋ ಇಲ್ಲವೋ ಎಂಬ ಭಯಕ್ಕೆ ಇಷ್ಟು ದಿನ ಸರಿಯಾಗಿ ಕಣ್ಣೇ ಮುಚ್ಚಿರಲಿಲ್ಲವಂತೆ. ಸುಳ್ಳೇಕೆ ಹೇಳಲಿ, ಇಷ್ಟಕ್ಕೇ ಬಿಟ್ಟುಬಿಡೋಣ ಅನ್ನಿಸಿತು. ಬಿಡಲಿಲ್ಲ.

"ಆದ್ರೆ ಸುಮ್ನೆ ಕೂತ್ರೆ ಮತ್ತೆ ಕೆಡುತ್ತಂತೆ. ಅಡುಗೆ, ಪಾತ್ರೆ, ಬಟ್ಟೆ ಎಲ್ಲಾ ನೀವೇ ಮಾಡ್ಬೇಕಂತೆ. ಸಿಟ್ಟು ಮಾತ್ರ ಈಗ್ಲೂ ಕೂಡದಂತೆ."

ಗಂಡ ಡಾಕ್ಟರಮ್ಮನನ್ನು ನೋಡಿದ, ನನ್ನನ್ನು ನೋಡಿದ. "ಅವ್ರು ಹೇಳಿದ್ದು ಎರಡೇ ಮಾತಲ್ವೇನೇ?"

"ನಿನ್ನ ಬಗ್ಗೇನೂ ಹೇಳಿದ್ರು. ಹೇಳ್ಲಾ?"

ಅವನು ಅವಸರದಲ್ಲಿ ಅಮ್ಮನ ಕೈ ಹಿಡಿದು ಬಾಗಿಲ ಕಡೆ ನಡೆದ. ಹೊರಗೆ ಬಂದಮೇಲೆ ಅತ್ತೆ ನನ್ನ ಸೆರಗು ಜಗ್ಗಿದರು.

"ಮತ್ತೆ ಮೊಮ್ಮಗು?"

"ನೂರು ವರ್ಷ ಇದೆಯಲ್ಲ ಅತ್ತೆ, ಏನವಸರ? ಮೊದ್ಲು ನನ್ನ ಓದು ಮುಗೀಲಿ."

ಬೈಯಲು ಅವರ ಬಾಯಿ ಪೂರ್ತಿ ತೆರೆಯಿತು. ನಾನು ಅವರ ಎದೆಯನ್ನೇ ನೋಡುತ್ತಾ ನಿಂತೆ. ಬಾಯಿ ಮುಚ್ಚಿಕೊಂಡಿತು.