ಒಂದೇ ಲೈನು

“ಇಲ್ಲಿಯ ಫ್ಯಾಕ್ಸೂ ಆಸ್ಪತ್ರೆಯ ಫ್ಯಾಕ್ಸೂ ಇಷ್ಟೊತ್ತು ಏನು ಮಾತಾಡ್ಕೋತಾವೋ?” ಅಣ್ಣ ಲ್ಯಾಬಿನ ಗೋಡೆ ಗಡಿಯಾರದತ್ತ ನೋಡಿ ಕೇಳಿದ. ದೂರದ ಆಸ್ಪತ್ರೆಯಲ್ಲಿ ತಂಗಿಯ ಆಪರೇಷನ್ ಈ ರಕ್ತಪರೀಕ್ಷೆಯ ಹಾಳೆಗಾಗಿ ಕಾದು ನಿಂತಿತ್ತು.

ಲ್ಯಾಬಿನಾಕೆ ಫ್ಯಾಕ್ಸ್ ಯಂತ್ರಕ್ಕೆ ಕಿವಿಗೊಟ್ಟಿದ್ದಳು. “ಇದು ಒಂದು ಸಾಲು ಹೇಳಿಕೊಡುತ್ತೆ, ಅಲ್ಲಿಯದು ಕೇಳಿಸ್ತು ಅನ್ಬೇಕು. ಲೈನು ಕೊರಕೊರ ಅಂದ್ರೆ ಇಬ್ರೂ ನಿಧಾನ ಆಗ್ತಾರೆ. ನಿಮ್ಮ ಹಾಗೆ ನಡುವೆ ಬಾಯಿ ಹಾಕಲ್ಲ.”

ಅಣ್ಣನಿಗೆ ನಗು ಬಂತು. ಯಂತ್ರಗಳ ರಾಗ ಕೂಡಿಬಂದು, ಹಾಳೆ ಮೆಲ್ಲಗೆ ಒಳಗೆ ಸರಿಯತೊಡಗಿತು. ಅವನ ಕೈ ಪಕ್ಕದ ಫೋನಿನತ್ತ ಹೋಯಿತು.

“ಲೈನು ಹೇಗೂ ಆಸ್ಪತ್ರೆಗೇ ಸೇರಿದೆಯಲ್ಲಕ್ಕ. ಎತ್ತಿ, ಹೆದರಬೇಡ ಅಂತ ತಂಗಿಗೆ ಒಂದೇ ಮಾತು ಹೇಳಿಸ್ತೀನಿ.”

ಆಕೆ ರಿಸೀವರಿನ ಮೇಲೆ ಅಂಗೈ ಊರಿದಳು.

“ಫೋನಿಗೂ ಫ್ಯಾಕ್ಸಿಗೂ ಇರೋದು ಒಂದೇ ಲೈನು. ಎತ್ತಿದ್ರೆ ಹಾಳೆ ಅರ್ಧಕ್ಕೇ ಕೆಡುತ್ತೆ. ಕೊಡಲ್ಲಪ್ಪ.”