ಹಳೆಯ ಸೆಲ್ಲೂ ಸುಡುತ್ತದೆ

ಗಡಿಯಾರಕ್ಕೆ ಹಾಕುವ ಎಣ್ಣೆಯ ವಾಸನೆ ಎಂದರೆ ನನಗೆ ಬಾಲ್ಯ. ಅಪ್ಪನ ರಿಪೇರಿ ಅಂಗಡಿಯಲ್ಲೇ ನಾವು ಆಡಿ ಬೆಳೆದೆವು. ತಮ್ಮ ಒಮ್ಮೆ ಪುಟ್ಟ ಹಲ್ಲುಚಕ್ರ ನುಂಗಿದ್ದ; ಅದು ತಾನಾಗಿಯೇ ಹೊರಬಂದಿತ್ತು. ಆಗಿನವು ಕೀಲಿ ಕೊಡುವ ಗಡಿಯಾರಗಳು.

ಈಗ ಅಂಗಡಿ ತಮ್ಮನದು. ಮೊನ್ನೆ ಕಾರಿನ ರಿಮೋಟಿನಿಂದ ತೆಗೆದ, ನಾಣ್ಯದಂಥ ಅಗಲ ಸೆಲ್ಲನ್ನು ಅವನು ಮೇಜಿನ ಅಂಚಿಗಿಟ್ಟು ಹೊಸದನ್ನು ಹುಡುಕುತ್ತಿದ್ದ. ತಿರುಗಿ ನೋಡುವಷ್ಟರಲ್ಲಿ ಸೆಲ್ಲು ಮಾಯ. ಅವನ ಒಂದೂವರೆ ವರ್ಷದ ಮೊಮ್ಮಗಳು ಟಿಕ್ಕಿ ಜೊಲ್ಲು ಸುರಿಸುತ್ತಾ ಕೆಮ್ಮುತ್ತಿದ್ದಳು.

"ಗಾಬರಿ ಬೇಡ. ಚಕ್ರ ನುಂಗಿ ನಾನು ಬದುಕಿಲ್ವಾ? ಇದು ಸತ್ತ ಸೆಲ್ಲು. ಬಾಳೆಹಣ್ಣು ತಿನ್ನಿಸಿ, ಜಾರಿಹೋಗುತ್ತೆ," ಎಂದ ತಮ್ಮ.

ತಮ್ಮನ ಸೊಸೆ ಹಣ್ಣು ಸುಲಿಯುತ್ತಿದ್ದಾಗ, ಡ್ಯೂಟಿಗೆ ಹೊರಟಿದ್ದ ಎದುರುಮನೆಯ ನರ್ಸಕ್ಕ ತನ್ನ ವಾಚಿಗಾಗಿ ಬಂದವಳು ವಿಷಯ ಕೇಳಿದಳು.

"ಹಣ್ಣು ಕೆಳಗಿಡಮ್ಮ. ಏನೂ ತಿನ್ನಿಸಬೇಡ, ವಾಂತಿನೂ ಮಾಡಿಸಬೇಡ. ಮಾವ, ರಿಮೋಟಿಗೆ ಸಾಲದಿದ್ರೂ ಅದರಲ್ಲಿ ಉಳಿದಿರೋ ಶಕ್ತಿ ಮಗು ಗಂಟಲು ಸುಡೋಕೆ ಧಾರಾಳ ಸಾಕು. ಸಿಕ್ಕಿಕೊಂಡ್ರೆ ಎರಡು ಗಂಟೆಯೊಳಗೇ ಗಾಯ ಆಗುತ್ತೆ."

"ಸೆಲ್ಲಿನ ವಿಷಯ ನನಗೇ ಹೇಳಿಕೊಡ್ತೀಯೇನೆ?"

"ಸೆಲ್ಲಿನ ವಿಷಯ ನಿಮಗೇ ಬಿಟ್ಟೆ. ಗಂಟಲಿನದು ನನಗೆ ಬಿಡಿ. ಅಂಥದ್ದೇ ಇನ್ನೊಂದು ಇದ್ರೆ ಜೇಬಿಗೆ ಹಾಕ್ಕೊಳ್ಳಿ, ಡಾಕ್ಟರಿಗೆ ತೋರಿಸೋಣ. ನಡೀರಿ."

ಎಕ್ಸ್‌ರೇಯಲ್ಲಿ ಸೆಲ್ಲು ಅನ್ನನಾಳದಲ್ಲೇ ಕೂತಿತ್ತು. ಡಾಕ್ಟರು ಮಗುವಿಗೆ ಮತ್ತು ಬರುವ ಮದ್ದು ಕೊಟ್ಟು, ಬಾಯಿಯಿಂದ ಕ್ಯಾಮೆರಾ ಇರುವ ತೆಳು ಕೊಳವೆ ಇಳಿಸಿ ಅದನ್ನು ಹೊರತೆಗೆದರು. ಸೆಲ್ಲಿನ ಒಂದು ಬದಿ ಕಪ್ಪಾಗಿತ್ತು.

"ಗಾಯ ಶುರುವಾಗಿದೆ, ಆಳವಾಗಿಲ್ಲ," ಎಂದರು ಡಾಕ್ಟರು. "ಬೇಗ ತಂದಿದ್ದಕ್ಕೆ ಉಳೀತು. ಕೆಲವು ದಿನ ಇಲ್ಲೇ ಇಟ್ಕೊಂಡು ನೋಡ್ತೀವಿ. ಮಗು ಚೇತರಿಸಿಕೊಳ್ಳುತ್ತೆ."

ತಮ್ಮ ಅಲ್ಲಿಂದಲೇ ಮಗನಿಗೆ ಫೋನು ಮಾಡಿದ. "ಅಂಗಡೀಲಿರೋ ಹಳೇ ಸೆಲ್ಲಿಗೆಲ್ಲ ಟೇಪು ಸುತ್ತಿ ಕಪಾಟಿಗೆ ಬೀಗ ಹಾಕು." ಆಮೇಲೆ ನನ್ನ ಕಡೆ ತಿರುಗಿದ. "ಜೀವಮಾನವೆಲ್ಲ ಸೆಲ್ಲು ಹಿಡಿದವನಿಗೇ ಗೊತ್ತಿರಲಿಲ್ಲ. ನಾಲ್ಕು ಜನಕ್ಕೆ ತಿಳಿಯೋ ಹಾಗೆ ಬರಿ, ಅಕ್ಕ."

ಅದಕ್ಕೇ ಬರೆಯುತ್ತಿದ್ದೇನೆ. ನಿಮ್ಮ ಮನೆಯ ರಿಮೋಟು, ಆಟಿಕೆ, ತೂಕದ ಯಂತ್ರಗಳನ್ನು ಇವತ್ತೇ ತಿರುಗಿಸಿ ನೋಡಿ. ಸೆಲ್ಲಿನ ಮುಚ್ಚಳ ಬಿಗಿಯಾಗಿರಲಿ. ಹಳೆಯದಾಗಲಿ ಹೊಸದಾಗಲಿ, ಸೆಲ್ಲು ಮಗುವಿನ ಕೈಗೆ ಸಿಗದಿರಲಿ. ನುಂಗಿರಬಹುದು ಎಂಬ ಅನುಮಾನ ಬಂದರೂ ಸಾಕು, ಮಗು ನಗುತ್ತಾ ಆಡುತ್ತಿದ್ದರೂ ಕಾಯಬೇಡಿ, ನೇರ ಆಸ್ಪತ್ರೆಗೆ ಎತ್ತಿಕೊಂಡು ಹೋಗಿ. ಬೇಗ ಹೋದಷ್ಟೂ ಮಗು ಕ್ಷೇಮ.

ಆ ದಿನ ತಮ್ಮ ವಾರ್ಡಿನ ಬೆಂಚು ಬಿಟ್ಟು ಏಳಲಿಲ್ಲ. ನರ್ಸಕ್ಕ ಬಂದು ಅವನ ಪಕ್ಕದಲ್ಲಿ ಕೂತು, ತನ್ನ ಊಟದ ಡಬ್ಬಿಯ ಮುಚ್ಚಳ ತೆಗೆದು, ಡಬ್ಬಿಯನ್ನು ಅವನ ಕೈಗಿಟ್ಟಳು.